ವಿಜ್ಞಾನ ವಿಚಾರ: ಬಾಗಿದ ಕನ್ನಡಿಯ ಲೆಕ್ಕ

ಹೊಳೆಯುವ ಚಮಚೆಯ ಒಳಮೈಯಲ್ಲಿ ಮುಖವು ತಲೆಕೆಳಗಾಗಿ ಕಾಣುವುದು. ಹೊರಮೈಯಲ್ಲಿ ನೆಟ್ಟಗೆ, ಆದರೆ ಕಿರಿದಾಗಿ ಕಾಣುವುದು. ಮಕ್ಕಳು ಕಾರಣವನ್ನು ಕೇಳಿದರೆ ‘ಚಮಚೆ ಬಾಗಿದೆ’ ಎಂದಷ್ಟೇ ಹೇಳಿದರೆ ಸಾಲದು. ಕನ್ನಡಿ ಸಪಾಟಾಗಿರಲಿ, ಬಾಗಿರಲಿ, ಬೆಳಕಿನ ನಿಯಮವೊಂದೇ: ಯಾವ ಕೋನದಲ್ಲಿ ಬಂದು ಬೀಳುವುದೋ ಅದೇ ಕೋನದಲ್ಲಿ ಹಿಂದಿರುಗುವುದು. ಬಾಗಿದ ಮೈಯಲ್ಲಿ ಲಂಬರೇಖೆಯು ಒಂದೊಂದು ಬಿಂದುವಿನಲ್ಲಿ ಒಂದೊಂದು ದಿಕ್ಕಿಗಿರುವುದರಿಂದ ಕಿರಣಗಳೂ ಬೇರೆ ಬೇರೆ ಕಡೆಗೆ ತಿರುಗುತ್ತವೆ.

ಒಳಬಾಗಿದ ನಿಮ್ನದರ್ಪಣದಲ್ಲಿ, ದೂರದಿಂದ ಸಮಾನಾಂತರವಾಗಿ ಬಂದ ಕಿರಣಗಳು ನಾಭಿಯೆಂಬ ಸ್ಥಾನದಲ್ಲಿ ಕೂಡುತ್ತವೆ. ಅದು ಗೋಳದ ತ್ರಿಜ್ಯದ ಅರ್ಧದಷ್ಟು ದೂರದಲ್ಲಿರುವುದು. ತ್ರಿಜ್ಯವು 40 ಸೆಂಟಿಮೀಟರಾದರೆ ನಾಭಿಯು 20ರಲ್ಲಿ. ಮುಖವನ್ನು 10 ಸೆಂಟಿಮೀಟರಿನಲ್ಲಿ ಹಿಡಿದರೆ ನೆಟ್ಟಗಿರುವ ಇಮ್ಮಡಿ ಬಿಂಬವು ತೋರುವುದು. ಕ್ಷೌರದ ಕನ್ನಡಿಯ ಉಪಯೋಗವಿದೇ. ವಸ್ತುವು ನಾಭಿಯಿಂದಾಚೆಗಿದ್ದರೆ ಕಿರಣಗಳು ಒಂದನ್ನೊಂದು ದಾಟಿ ಬಿಂಬವನ್ನು ತಲೆಕೆಳಗು ಮಾಡುತ್ತವೆ. ಚಮಚೆಯ ನಾಭಿಯು ಕೆಲವೇ ಸೆಂಟಿಮೀಟರಿನಲ್ಲಿರುವುದರಿಂದ ನಮ್ಮ ಮುಖವು ಅದರಿಂದಾಚೆಗೇ ಉಳಿಯುವುದು.

ಅಳವಂಡಿಯ ನೆರೆಯಲ್ಲಿ ಕವಲೂರೆಂಬ ಗ್ರಾಮವುಂಟಷ್ಟೆ. ಹೆಚ್ಚುಕಡಿಮೆ ಅದೇ ಹೆಸರಿನ ತಮಿಳುನಾಡಿನ ಕಾವಲೂರಿನಲ್ಲಿ 1986ರಲ್ಲಿ ವೈನು ಬಾಪು ದೂರದರ್ಶಕವು ಉದ್ಘಾಟನೆಯಾಯಿತು. ಅದನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ನಕ್ಷತ್ರದ ಮಂದ ಬೆಳಕನ್ನು ಒಟ್ಟುಗೂಡಿಸುವುದು 2.34 ಮೀಟರು ವ್ಯಾಸದ ನಿಮ್ನದರ್ಪಣವೇ.

ಹೊರಬಾಗಿದ ಪೀನದರ್ಪಣವು ಕಿರಣಗಳನ್ನು ಹರಡುವುದು. ಆದುದರಿಂದ ಅಗಲವಾದ ನೋಟವನ್ನು ಕಿರಿದಾಗಿಸಿ ತೋರುವುದು. ಮೋಟಾರಿನ ಪಕ್ಕದ ಕನ್ನಡಿಯು ಸಾಮಾನ್ಯವಾಗಿ ಇಂಥದು, ಇಲ್ಲಿಯೇ ಅಪಾಯ. ಅದರ ತ್ರಿಜ್ಯ 2 ಮೀಟರು, ಚಾಲಕನ ಕಣ್ಣು ಅದರಿಂದ 1 ಮೀಟರು ದೂರ, ಹಿಂದಿನ ಲಾರಿ 19 ಮೀಟರು ದೂರವೆಂದು ಇಟ್ಟುಕೊಳ್ಳಿರಿ. ಲಾರಿಯ ಬಿಂಬವು ಇಪ್ಪತ್ತರಲ್ಲೊಂದು ಭಾಗಕ್ಕೆ ಕುಗ್ಗಿ, ಕನ್ನಡಿಯ ಹಿಂದೆ 95 ಸೆಂಟಿಮೀಟರಿನಲ್ಲಿ ನಿಲ್ಲುವುದು. ಅಷ್ಟು ಕಿರಿದಾಗಿ ಕಾಣಬೇಕಾದರೆ ಲಾರಿಯು ನಿಜವಾಗಿ ಕಣ್ಣಿನಿಂದ 39 ಮೀಟರು ದೂರವಿರಬೇಕಾಗಿತ್ತು. ಸಪಾಟು ಕನ್ನಡಿಯಾಗಿದ್ದರೆ 20 ಮೀಟರೆಂದೇ ತೋರುತ್ತಿತ್ತು. ಲಾರಿಯು ನಮಗಿಂತ ಗಂಟೆಗೆ 36 ಕಿಲೋಮೀಟರು ಹೆಚ್ಚು ವೇಗದಲ್ಲಿ ಬರುತ್ತಿದ್ದರೆ, ಸುಮಾರು 4 ಸೆಕೆಂಡು ಉಂಟೆಂದು ನಂಬಿದವನಿಗೆ ದೊರೆಯುವುದು 2 ಸೆಕೆಂಡು ಮಾತ್ರ.

ಹಾಗೆಂದು ಕನ್ನಡಿಯು ಸುಳ್ಳು ಹೇಳುವುದಿಲ್ಲ. ಅದರ ಭಾಷೆಯನ್ನು ನಾವು ಅರಿತಿರಬೇಕು. ಪೀನದರ್ಪಣದಲ್ಲಿ ‘ಯಾರೋ ಬರುತ್ತಿದ್ದಾರೆ’ ಎಂಬುದನ್ನು ತಿಳಿಯಬಹುದು, ‘ಎಷ್ಟು ದೂರ’ ಎಂಬುದನ್ನಲ್ಲ. ಪಕ್ಕಕ್ಕೆ ತಿರುಗುವ ಮುನ್ನ ಕತ್ತನ್ನು ಹೊರಳಿಸಿ ಒಮ್ಮೆ ನೋಡುವ ಅಭ್ಯಾಸವನ್ನು, ವಾಹನ ನಡೆಸುವ ಮನೆಯ ಮಕ್ಕಳಿಗೆ ಹಿರಿಯರು ಮೊದಲ ದಿನವೇ ಕಲಿಸತಕ್ಕದ್ದು.