ಅರಿವಳಿಕೆಯ ಹಿಂದಿನ ರಾತ್ರಿ

ಸಾಕಿದ ನಾಯಿಯ ಹಿಂಗಾಲುಗಳು ಸೋತು ಎಳೆಯತೊಡಗಿದಾಗ, ಇಲ್ಲವೇ ಅದಕ್ಕೆ ಮೇಲಿಂದ ಮೇಲೆ ಮೂರ್ಛೆ ಬರತೊಡಗಿದಾಗ, ಎಕ್ಸ್‌ರೇಯಿಂದಲೇ ಕಾರಣ ತಿಳಿಯುವುದು ಅಪರೂಪ. ಅದು ಎಲುಬನ್ನು ತೋರಿಸುತ್ತದೆ. ಮಿದುಳು, ಬೆನ್ನುಹುರಿಗಳನ್ನು ವಿಶದವಾಗಿ ಕಾಣಿಸುವುದು ಎಂ.ಆರ್.ಐ. ಯಂತ್ರ. ಜಹೀರಾಬಾದು, ನಾರಾಯಣಖೇಡಗಳ ಜನರಿಗೆ ಬೀದರದ ಪಶುವೈದ್ಯಕೀಯ ಕಾಲೇಜು, ತಾಂಡೂರಿನವರಿಗೆ ಹೈದರಾಬಾದಿನ ರಾಜೇಂದ್ರನಗರದ ಕಾಲೇಜು ಮೊದಲ ತಪಾಸಣೆಗೆ ಒದಗುತ್ತವೆ. ಪ್ರಾಣಿಗಳಿಗೆ ಎಂ.ಆರ್.ಐ. ಮಾಡುವ ಕೇಂದ್ರಗಳಾದರೋ ವಿರಳ. ಮಹಾನಗರದ ದಾರಿ ಹಿಡಿಯುವ ಮೊದಲು ಫೋನಿನಲ್ಲಿ ವಿಚಾರಿಸಿ ಸಮಯ ಗೊತ್ತುಪಡಿಸಿಕೊಳ್ಳುವುದು ಜಾಣತನ.

ಈ ಪರೀಕ್ಷೆಯಲ್ಲಿ ನೋವಿಲ್ಲ. ಆದರೆ ಯಂತ್ರದ ಭಾರೀ ಸದ್ದಿನ ನಡುವೆ ಅರ್ಧ ಗಂಟೆಯಿಂದ ಒಂದು ಗಂಟೆಗೂ ಮೀರಿ ಅಲುಗಾಡದೆ ಮಲಗಬೇಕು. ಮಿಸುಕಿದರೆ ಚಿತ್ರ ಕೆಡುತ್ತದೆ. ಮನುಷ್ಯನಿಗೆ ತಿಳಿಹೇಳಬಹುದು, ನಾಯಿಗೆ ಹೇಳುವುದು ಹೇಗೆ? ಆದುದರಿಂದಲೇ ಅರಿವಳಿಕೆ. ಅಪಾಯವಿರುವುದೂ ಬಹುಪಾಲು ಅಲ್ಲಿಯೇ, ಯಂತ್ರದಲ್ಲಲ್ಲ.

ಆ ಅಪಾಯವನ್ನು ತಗ್ಗಿಸುವ ಕೆಲಸ ಹಿಂದಿನ ರಾತ್ರಿ ಮನೆಯಲ್ಲಿಯೇ ಆರಂಭವಾಗುತ್ತದೆ. ಪ್ರಜ್ಞೆ ತಪ್ಪಿದ ಪ್ರಾಣಿಯ ಹೊಟ್ಟೆಯಲ್ಲಿದ್ದ ಅನ್ನ ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಬೆಳೆದ ನಾಯಿಗೆ ಸಾಮಾನ್ಯವಾಗಿ 6ರಿಂದ 12 ಗಂಟೆಗಳ ಉಪವಾಸ ಹೇಳುತ್ತಾರೆ. ನೀರನ್ನು ಅಷ್ಟು ಬೇಗ ನಿಲ್ಲಿಸುವುದಿಲ್ಲ. ಮರಿಗಳಿಗೂ ಸಕ್ಕರೆ ಕಾಯಿಲೆಯ ಪ್ರಾಣಿಗಳಿಗೂ ಲೆಕ್ಕವೇ ಬೇರೆ, ವೈದ್ಯರು ಹೇಳಿದಂತೆಯೇ ನಡೆಯಬೇಕು. ಮನೆಮಂದಿಯ ಮರುಕ ಇಲ್ಲಿ ಶತ್ರುವಾಗುತ್ತದೆ. ದೂರದ ಪ್ರಯಾಣವೆಂದು ಬೆಳಗಿನ ಜಾವ ಅಜ್ಜಿಯೊಬ್ಬಳು ಹಾಲಿನಲ್ಲಿ ನೆನೆಸಿದ ರೊಟ್ಟಿ ಹಾಕಿರುತ್ತಾಳೆ. ಬೈಗುಳಕ್ಕೆ ಅಂಜಿ ಯಾರೂ ಬಾಯಿ ಬಿಡುವುದಿಲ್ಲ. ಹಾಗೆ ತಿಂದಿದ್ದರೆ ಹೇಳಿಬಿಡಬೇಕು. ಪರೀಕ್ಷೆ ಮುಂದಕ್ಕೆ ಹೋದೀತು, ಒಂದು ದಿನದ ಬಾಡಿಗೆ ವ್ಯರ್ಥವಾದೀತು, ಅಷ್ಟೇ. ಮೂರ್ಛೆಯ ಗುಳಿಗೆಯನ್ನು ಮಾತ್ರ ಉಪವಾಸದ ನೆಪದಲ್ಲಿ ತಾವಾಗಿ ನಿಲ್ಲಿಸಬಾರದು, ಕೇಳಿಯೇ ನಿರ್ಧರಿಸಬೇಕು.

ಮುಂಚಿತವಾಗಿ ರಕ್ತಪರೀಕ್ಷೆ ಮಾಡಿಸುತ್ತಾರೆ. ಅದನ್ನು ದುಡ್ಡು ಕೀಳುವ ಹಂಚಿಕೆಯೆಂದು ಬಗೆಯುವವರುಂಟು. ಅರಿವಳಿಕೆಯ ಔಷಧಗಳನ್ನು ದೇಹದಿಂದ ಹೊರಹಾಕುವಲ್ಲಿ ಯಕೃತ್ತು, ಮೂತ್ರಪಿಂಡಗಳ ಪಾತ್ರ ದೊಡ್ಡದು. ಉಣ್ಣೆಯ ಕಾಟವಿರುವ ನಮ್ಮ ಸೀಮೆಯಲ್ಲಿ ಉಣ್ಣೆಜ್ವರದಿಂದ ರಕ್ತ ಕುಂದಿದ ನಾಯಿಗಳೂ ಇದ್ದೇ ಇರುತ್ತವೆ. ತಳಿಯನ್ನೂ ತಿಳಿಸಬೇಕು. ಮೊಂಡುಮೂಗಿನ ಪಗ್ ನಾಯಿಗೆ ಉಸಿರಾಟದ ತೊಡಕು ಹೆಚ್ಚು. ಗ್ರೇಹೌಂಡಿನಂತಹ ಸಪೂರ ಬೇಟೆನಾಯಿಗಳು ಥಯೋಪೆಂಟಾನ್ ಎಂಬ ಔಷಧದ ಅಮಲಿನಿಂದ ಎಚ್ಚರಗೊಳ್ಳುವುದು ನಿಧಾನ; 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ನಮ್ಮ ಮುಧೋಳ ನಾಯಿಯೂ ಅದೇ ಮೈಕಟ್ಟಿನದು.

ಯಂತ್ರದ ಒಡಲಲ್ಲಿರುವುದು ಪ್ರಬಲ ಅಯಸ್ಕಾಂತ. ಸರಪಳಿ, ಗೆಜ್ಜೆ, ಕೊರಳಪಟ್ಟಿಯ ಕೊಂಡಿ, ದೃಷ್ಟಿಗೆಂದು ಕಟ್ಟಿದ ತಾಯಿತ ಎಲ್ಲವನ್ನೂ ಬಿಚ್ಚಬೇಕು. ಹಿಂದೆ ಎಲುಬಿಗೆ ಕೂಡಿಸಿದ ಸರಳು, ಮೈಯಲ್ಲಿ ಉಳಿದ ಛರ್ರೆ, ನುಂಗಿರಬಹುದಾದ ಮೊಳೆ, ಚರ್ಮದಡಿಯ ಮೈಕ್ರೋಚಿಪ್ ಇವೆಲ್ಲ ವೈದ್ಯರಿಗೆ ಮೊದಲೇ ತಿಳಿದಿರಬೇಕು.

ಎಚ್ಚರವಾದ ಮೇಲೂ ನಾಯಿ ಕೆಲಹೊತ್ತು ತೂರಾಡುತ್ತದೆ, ಮೈ ತಣ್ಣಗಿರುತ್ತದೆ. ಕಂಬಳಿಯೊಂದು ಜೊತೆಗಿರಲಿ. ಮೊದಲ ಊಟ ಸ್ವಲ್ಪವೇ ಇರಲಿ, ಅದೂ ಚೆನ್ನಾಗಿ ಎಚ್ಚರಗೊಂಡ ಮೇಲೆ. ಮನೆಗೆ ಮರಳಿದಾಗ ನಯವಾಗಿ ಉಜ್ಜಿದ ತಾಂಡೂರು ಕಲ್ಲಿನ ನೆಲದ ಮೇಲೆ ಹಾಗೆಯೇ ಬಿಟ್ಟರೆ, ಬೆನ್ನು ನೊಂದ ಪ್ರಾಣಿ ಜಾರಿ ಬೀಳುತ್ತದೆ. ಬಾಗಿಲಿನಿಂದ ಅದರ ಹಾಸಿಗೆಯವರೆಗೆ ಗೋಣಿತಟ್ಟು ಹಾಸಿದರೆ ಸಾಕು.