ಕುಂಡದ ಬೆಂಡೆ, ಅಹಿಂಸೆಯ ಲೆಕ್ಕ

ಯುಗಾದಿಗೆ ಬಾಲ್ಕನಿಯ ಕುಂಡಗಳಲ್ಲಿ ಬೆಂಡೆ ಬಿತ್ತಿರೆಂದರೆ ಮುಂಬಯಿ, ಪುಣೆಗಳ ನಮ್ಮ ಶ್ರಾವಕ ಬಂಧುಗಳು ಹಿಂಜರಿಯುತ್ತಾರೆ: ‘ಹುಳು ಬಿದ್ದರೆ ಕೊಲ್ಲಬೇಕಾದೀತು.’ ಹಾಗಾದರೆ ಪೇಟೆಯ ಬೆಂಡೆಗೆ ವಿಷ ಸಿಂಪಡಿಸಿದ್ದು ಯಾರಿಗಾಗಿ? ಕೃತ, ಕಾರಿತ, ಅನುಮೋದಿತ ಮೂರನ್ನೂ ಹಿಂಸೆಯೆಂದೇ ಎಣಿಸುವ ಧರ್ಮ ನಮ್ಮದು. ಹೊಣೆಯನ್ನು ದೂರದ ಕೂಲಿಯಾಳಿನ ಹೆಸರಿಗೆ ಬರೆದು ನಮ್ಮ ಖಾತೆ ಶುದ್ಧವೆಂದರೆ ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ.

ಬೇವಿನೆಣ್ಣೆಯೂ ನಿರಪರಾಧಿಯಲ್ಲ; ಮರಿಹುಳುಗಳು ಪೊರೆ ಕಳಚದಂತೆ ತಡೆದು ಸಾಯಿಸುತ್ತದೆ. ಕೊಲ್ಲುವ ಪ್ರಸಂಗವೇ ಬಾರದಂತೆ ಬೆಳೆಯಬೇಕು. ಮೊಳಕೆಯಿಂದಲೇ ಸೂಕ್ಷ್ಮ ಜಾಲರಿ ಕಟ್ಟಿದರೆ ಹಳದಿ ನಂಜುರೋಗ ತರುವ ಬಿಳಿನೊಣ ಒಳನುಗ್ಗದು. ಬೆಂಡೆಯ ಹೂವು ತನ್ನ ಪರಾಗದಿಂದಲೇ ಕಾಯಿಕಟ್ಟುವುದರಿಂದ ಪರದೆ ಅಡ್ಡಿಯಾಗದು. ಯೂರಿಯಾ ಬೇಡ, ಸೊಕ್ಕಿದ ಎಳೆಚಿಗುರಿಗೇ ಸಸ್ಯಹೇನು ಮುತ್ತುವುದು. ಮಣ್ಣು ಕೆದಕುವಲ್ಲಿ ಆರಂಭಿ ಹಿಂಸೆ ಇದ್ದೇ ಇದೆ. ಅದನ್ನು ಮರೆಮಾಚದೆ, ಹಗಲಲ್ಲಿ, ನೋಡಿ ಕೆದಕೋಣ.