ಒಣಗಿಸಿದ ಕತ್ತಾಳೆಯ ಆಹಾರಬೆಲೆ

ಹರಪನಹಳ್ಳಿ ಸೀಮೆಯಲ್ಲಿ ತುಂಗಭದ್ರೆಯ ದಡಕ್ಕೆ ಸಮೀಪವಾದ ಹಲವಾಗಲು ಮೊದಲುಗೊಂಡು ಕೊಟ್ಟೂರು, ಕೂಡ್ಲಿಗಿಗಳ ಮಸಾರಿ ಭೂಮಿಯವರೆಗೆ ಕತ್ತಾಳೆಯನ್ನು ಅರಿಯದ ರೈತನಿಲ್ಲ. ದನಕರುಗಳು ನುಗ್ಗದಂತೆ ಹೊಲವನ್ನು ಕಾಯುವುದೂ, ಹಗ್ಗ ಕಣ್ಣಿಗಳಿಗೆ ನಾರನ್ನು ಒದಗಿಸುವುದೂ ಈ ಗಿಡದ ಎರಡು ಪ್ರಸಿದ್ಧವಾದ ಉಪಯೋಗಗಳು. ಮಳೆ ಹೋಗಿ ಪೈರೆಲ್ಲವೂ ಒಣಗಿದ ವರ್ಷದಲ್ಲಿಯೂ ಬದುವಿನ ಮೇಲೆ ಇದೊಂದೇ ಹಸುರಾಗಿ ನಿಂತಿರುತ್ತದೆ. ಆದುದರಿಂದ ಇದನ್ನು ಆಹಾರವಾಗಿಯೂ ಬಳಸಬಾರದೇಕೆ ಎಂಬ ಪ್ರಶ್ನೆ ಏಳುವುದು ಸಹಜವೇ. ಈ ಪ್ರಶ್ನೆಗೆ ಆತುರದಿಂದ ಹೌದೆಂದಾಗಲಿ ಅಲ್ಲವೆಂದಾಗಲಿ ಹೇಳದೆ, ಗುಣದೋಷಗಳನ್ನು ತೂಗಿನೋಡುವುದು ಉಚಿತವಾಗಿದೆ.

ಕತ್ತಾಳೆಯು ಈ ದೇಶದ ಗಿಡವಲ್ಲ. ಅಮೆರಿಕಾ ಖಂಡದಿಂದ ಬಂದುದು. ಅದರ ತೌರಾದ ಮೆಕ್ಸಿಕೋ ದೇಶದಲ್ಲಿಯೂ ಅದಕ್ಕೆ ಬಡಗಲಾದ ಒಣಸೀಮೆಗಳಲ್ಲಿಯೂ ಮೂಲನಿವಾಸಿಗಳು ಬಹುಕಾಲದಿಂದ ಇದನ್ನು ಉಂಡಿರುವುದು ನಿಜ. ಮೆಸ್ಕಲೆರೋ ಎಂಬ ಜನಾಂಗಕ್ಕೆ ಆ ಹೆಸರೇ ಈ ಆಹಾರದಿಂದ ಬಂದುದು. ಆದರೆ ಅವರು ಎಲೆಯನ್ನು ತಿನ್ನುವವರಲ್ಲ. ಹೂವಿನ ಕಂಬ ಏಳುವುದಕ್ಕೆ ಮುಂಚೆ, ಗಿಡದ ಸತ್ತ್ವವೆಲ್ಲವೂ ಬುಡದ ದಿಂಡಿನಲ್ಲಿ ಕೂಡಿದಾಗ, ಎಲೆಗಳನ್ನು ಸವರಿ ದಿಂಡನ್ನು ಕಿತ್ತು, ಕಾದ ಕಲ್ಲುಗಳನ್ನು ತುಂಬಿದ ಗುಂಡಿಯಲ್ಲಿಟ್ಟು, ಮೇಲೆ ಮಣ್ಣು ಮುಚ್ಚಿ, ಎರಡು ದಿನಗಳಷ್ಟು ಕಾಲ ಬೇಯಿಸುತ್ತಾರೆ. ಬೆಂದುದನ್ನು ಕುಟ್ಟಿ ಹಪ್ಪಳದಂತೆ ಹರಡಿ, ಬಿಸಿಲಿನಲ್ಲಿ ಒಣಗಿಸಿ ಕೂಡಿಡುತ್ತಾರೆ.

ಹೀಗೆ ದೀರ್ಘಕಾಲ ಬೇಯಿಸುವುದಕ್ಕೆ ಕಾರಣವುಂಟು. ದಿಂಡಿನಲ್ಲಿರುವುದು ಜೋಳದಲ್ಲಿರುವಂತಹ ಪಿಷ್ಟವಲ್ಲ. ಇನುಲಿನ್ ಜಾತಿಯ ಒಂದು ಪದಾರ್ಥ. ಮನುಷ್ಯನ ಜಠರಾಗ್ನಿಗೆ ಇದು ಹಸಿಯಾಗಿ ಜೀರ್ಣವಾಗುವುದಿಲ್ಲ. ಕರುಳಿನಲ್ಲಿ ಹುಳಿತು ವಾಯುವನ್ನು ಹುಟ್ಟಿಸುತ್ತದೆ. ದೀರ್ಘವಾದ ಶಾಖದಿಂದ ಮಾತ್ರವೇ ಅದು ಒಡೆದು ಸಕ್ಕರೆಯಾಗುತ್ತದೆ. ಇದಲ್ಲದೆ ಕತ್ತಾಳೆಯ ರಸದಲ್ಲಿ ಅಂಟವಾಳದ ಕಾಯಿಯಲ್ಲಿರುವಂತೆ ನೊರೆಬರಿಸುವ ಕಹಿದ್ರವ್ಯವೂ, ಸೂಜಿಯಂತಹ ಸುಣ್ಣದ ಹರಳುಗಳೂ ಇವೆ. ನಾರು ತೆಗೆಯುವವರ ಕೈ ನವೆಯೇಳುವುದಕ್ಕೆ ಇವೇ ಕಾರಣ.

ಅಮೆರಿಕಾ ಸರ್ಕಾರದ ಆಹಾರ ಕೋಷ್ಟಕಗಳ ಪ್ರಕಾರ, ಅಲ್ಲಿನ ಒಣ ಕತ್ತಾಳೆಯ 100 ಗ್ರಾಂ ತೂಕದಲ್ಲಿ ಸುಮಾರು 340 ಕ್ಯಾಲೊರಿ ಶಾಖವೂ, 82 ಗ್ರಾಂ ಶರ್ಕರಪಿಷ್ಟಾದಿಗಳೂ ಇರುತ್ತವೆ. ಈ 82ರೊಳಗೆ ಸುಮಾರು 15 ಗ್ರಾಂ ಬರಿಯ ನಾರು. ಸುಣ್ಣದ ಅಂಶ 770 ಮಿಲಿಗ್ರಾಂ. ಜೋಳವು ಕೊಡುವ ಶಾಖವೂ ಹೆಚ್ಚು ಕಡಿಮೆ ಇಷ್ಟೇ. ಸುಣ್ಣದಲ್ಲಿ ರಾಗಿಗೆ ಇದರ ಅರ್ಧದಷ್ಟು ಮಾತ್ರ. ಇಷ್ಟನ್ನೇ ನೋಡಿದವನು ಕತ್ತಾಳೆಯನ್ನು ಧಾನ್ಯಕ್ಕೆ ಸಮನೆಂದು ಎಣಿಸಿಯಾನು. ಆದರೆ ಮೈ ಬೆಳೆಸುವ ಸಸಾರಜನಕವನ್ನು ನೋಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಒಣ ಕತ್ತಾಳೆಯಲ್ಲಿ ಅದು 2 ಗ್ರಾಂ ಕೂಡ ಇಲ್ಲ. ಜೋಳದಲ್ಲಿ ಸುಮಾರು 10, ನವಣೆಯಲ್ಲಿ 12, ಹುರುಳಿಯಲ್ಲಿ 22 ಗ್ರಾಂ ಉಂಟು. ಸುಣ್ಣದ ವಿಷಯದಲ್ಲಿಯೂ ಹಿಗ್ಗಬೇಕಾದುದಿಲ್ಲ. ಮೇಲೆ ಹೇಳಿದ ಹರಳುಗಳಲ್ಲಿ ಸೆರೆಯಾದ ಸುಣ್ಣವು ಶರೀರಕ್ಕೆ ಹತ್ತುವುದು ಅತ್ಯಲ್ಪ. ಮೇಲಾಗಿ ಈ ಅಂಕಿಗಳು ಅಲ್ಲಿನವರು ಆರಿಸಿದ ಜಾತಿಗಳಿಗೆ ಸಲ್ಲುವುವೇ ಹೊರತು, ನಮ್ಮ ಬದುಗಳ ಮೇಲಿನ ಕತ್ತಾಳೆಗೆಲ್ಲ ಸಲ್ಲತಕ್ಕವಲ್ಲ.

ಕನ್ನಡಿಗರು ಕತ್ತಾಳೆಯನ್ನು ತಿಂದೇ ಇಲ್ಲವೆಂದು ಭಾವಿಸುವುದೂ ತಪ್ಪು. ಸಂತೆ ಜಾತ್ರೆಗಳಲ್ಲಿ ಭೂಚಕ್ರದ ಗೆಡ್ಡೆಯೆಂದೂ, ಮಹಾರಾಷ್ಟ್ರದಲ್ಲಿ ರಾಮಕಂದಮೂಲವೆಂದೂ, ಮದ್ದಳೆಯಷ್ಟು ದಪ್ಪನಾದ ದಿಂಡೊಂದನ್ನು ಕಾಗದದಷ್ಟು ತೆಳ್ಳಗೆ ಹೆರೆದು ಮಾರುವುದನ್ನು ಅನೇಕರು ನೋಡಿದ್ದಾರೆ. ವನವಾಸದಲ್ಲಿ ಶ್ರೀರಾಮನು ತಿಂದ ಗೆಡ್ಡೆಯೆಂದು ಜನರು ಭಕ್ತಿಯಿಂದ ಕೊಳ್ಳುತ್ತಾರೆ. 2010ರ ಆಚೀಚಿನ ವರ್ಷಗಳಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರು ಅದರ ಡಿ.ಎನ್.ಎ. ಪರೀಕ್ಷಿಸಿದಾಗ, ಅದು ಗೆಡ್ಡೆಯೇ ಅಲ್ಲ, ಕತ್ತಾಳೆ ಜಾತಿಯ ದಿಂಡು ಎಂದು ತಿಳಿದುಬಂದಿತು. ಒಂದೆರಡು ಬಿಲ್ಲೆಗಳಿಂದ ಅಪಾಯ ಕಾಣದಿರಬಹುದು. ಆದರೆ ರುಚಿಗಾಗಿ ಬಿಲ್ಲೆ ತಿನ್ನುವುದು ಬೇರೆ, ಹಸಿವಿಗಾಗಿ ಹೊಟ್ಟೆ ತುಂಬಿಕೊಳ್ಳುವುದು ಬೇರೆ.

ಈ ಭೇದವನ್ನು ಬಳ್ಳಾರಿ ಸೀಮೆಯು ಬಹಳ ಬೆಲೆ ತೆತ್ತು ಕಲಿತಿದೆ. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಹರಪನಹಳ್ಳಿಯೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯು ಮದರಾಸು ಪ್ರಾಂತ್ಯದಲ್ಲಿ ಅತ್ಯಂತ ನೊಂದವುಗಳಲ್ಲಿ ಒಂದಾಗಿತ್ತು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಪರಿಹಾರದ ಕೆಲಸಗಾರನಿಗೆ ದಿನಕ್ಕೆ 1 ಪೌಂಡು ಧಾನ್ಯದ ಬೆಲೆಯೂ ಅಲ್ಪ ಹಣವೂ ಸಾಕೆಂದು ಗೊತ್ತುಮಾಡಿದನು. ಪ್ರಾಂತ್ಯದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷರು ಅದನ್ನು ಪ್ರತಿಭಟಿಸಿ, ಧಾನ್ಯವೂ ಹೆಚ್ಚಬೇಕು, ಬೇಳೆಕಾಳಿನಂತಹ ಸಸಾರಜನಕದ ಪದಾರ್ಥವೂ ಬೇಕು, ಇಲ್ಲದಿದ್ದರೆ ಶರೀರವು ತನ್ನನ್ನೇ ತಾನು ತಿಂದು ನಶಿಸುವುದೆಂದು ವಾದಿಸಿದರು. ಆ ವರ್ಷದ ಮೇ ತಿಂಗಳಲ್ಲಿ ಕೂಲಿಯನ್ನು ಏರಿಸಬೇಕಾಯಿತು. ಅಷ್ಟರಲ್ಲಿ ಕಾಲ ಮಿಂಚಿತ್ತು. ಸಸಾರಜನಕವಿಲ್ಲದ ಕತ್ತಾಳೆಯನ್ನು ಬರದ ಅನ್ನವೆಂದು ನಂಬುವುದು ಅದೇ ತಪ್ಪನ್ನು ಮರಳಿ ಮಾಡಿದಂತೆ.

ಲಾಭನಷ್ಟದ ದೃಷ್ಟಿಯಿಂದಲೂ ಇದು ಸಲ್ಲದು. ದಿಂಡು ಬಲಿಯಲು ಹತ್ತು ವರ್ಷಗಳಷ್ಟಾದರೂ ಬೇಕು. ಕಿತ್ತರೆ ಗಿಡವೇ ಹೋಯಿತು; ಬೇಲಿಯಲ್ಲಿ ಕಿಂಡಿ ಬಿತ್ತು. ಒಂದು ವಾರದ ಊಟಕ್ಕಾಗಿ ಹತ್ತು ವರ್ಷದ ಕಾವಲನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಆದುದರಿಂದ ಊರಿನ ಹಿರಿಯರೂ ಜಮೀನುಳ್ಳವರೂ ಗಮನಿಸತಕ್ಕ ಅಂಶಗಳು ಇಷ್ಟು. ಕತ್ತಾಳೆಯು ಬದುವಿಗೆ ಇರಲಿ, ಬುಡದ ಮರಿಗಳನ್ನು ನೆಟ್ಟು ಬೇಲಿಯನ್ನು ಬಲಪಡಿಸಲಿ, ನಾರನ್ನು ತೆಗೆಯಲಿ. ಜಾತ್ರೆಗಳಲ್ಲಿ ಮಕ್ಕಳೂ ಗರ್ಭಿಣಿಯರೂ ಈ ದಿಂಡನ್ನು ತಿನ್ನದಂತೆ ತಿಳಿಹೇಳಲಿ. ಬರಕ್ಕೆ ಬೇಕಾದ ಅನ್ನವನ್ನಾದರೋ ಬದುವಿನ ಮೇಲೆ ಹುಡುಕದೆ ಹೊಲದೊಳಗೆ ಬೆಳೆಯಬೇಕು. ಈ ಸೀಮೆಯ ಹೊಲಗಳನ್ನು ಮೆಕ್ಕೆಜೋಳವು ಆವರಿಸಿರುವ ಈ ಕಾಲದಲ್ಲಿ, ಪ್ರತಿಯೊಬ್ಬ ಹಿಡುವಳಿದಾರನೂ ಸ್ವಲ್ಪ ನೆಲವನ್ನು ನವಣೆಗೂ ಹುರುಳಿಗೂ ಮೀಸಲಿಟ್ಟು, ಅಕ್ಕಡಿ ಸಾಲುಗಳಲ್ಲಿ ತೊಗರಿ ಅವರೆಗಳನ್ನು ಹಾಕಿದರೆ ಮನೆಗೂ ಕೂಲಿಯವರಿಗೂ ಆಧಾರವಾಗುವುದು. ಹಿಂದಿನವರು ಹಗೇವುಗಳಲ್ಲಿ ಜೋಳವನ್ನು ತುಂಬಿಡುತ್ತಿದ್ದರೇ ಹೊರತು ಕತ್ತಾಳೆಯ ದಿಂಡನ್ನಲ್ಲ. ಆ ವಿವೇಕವನ್ನು ಇಂದಿನವರು ಉಳಿಸಿಕೊಳ್ಳುವುದು ಲೇಸು.